ಕೆಂಪು ರೀಲು

ನಾನು ಚಿಕ್ಕವಳಿದ್ದಾಗ ಎರಡು ದೇಶಗಳಲ್ಲಿ ಸ್ಕೂಲಿಗೆ ಹೋದೆ. ಒಂದರ ನೆನಪಾದರೆ ಬಾಯಲ್ಲಿ ಸುಟ್ಟ ಮುಸುಕಿನ ಜೋಳದ ರುಚಿ. ಇನ್ನೊಂದರ ನೆನಪಾದರೆ ಈ ವಯಸ್ಸಿನಲ್ಲೂ ಹಲ್ಲು ಕಡಿಯುತ್ತೇನೆ. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಬ್ಯಾಕ್‌ಯಾರ್ಡಿನಲ್ಲಿ ನೀವಿಬ್ಬರೂ, ಇಲ್ಲಿಯ ನನ್ನ ಮೊಮ್ಮಗಳು ಮತ್ತು ಮೆಲ್ಬರ್ನಿನಿಂದ ರಜೆಗೆ ಬಂದ ಅಕ್ಕನ ಮೊಮ್ಮಗ, ಯಾರ ಸ್ಕೂಲು ಬೆಸ್ಟ್ ಎಂದು ಕಿತ್ತಾಡಿದಿರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ರೈಲ್ವೆಯಲ್ಲಿ ಗುಮಾಸ್ತರು. ಮೊದಲು ನಾವಿದ್ದದ್ದು ಯುಗಾಂಡಾದಲ್ಲಿ, ದೊಡ್ಡ ಸರೋವರದ ಪಕ್ಕದ ಸಣ್ಣ ಊರಿನಲ್ಲಿ. ಅಲ್ಲಿಯ ಸ್ಕೂಲಿಗೆ ತಗಡಿನ ಮಾಡು, ಕೆಂಪು ಮಣ್ಣಿನ ಅಂಗಳ. ಟೀಚರ್ ಆ ಊರಿನ ಹೆಂಗಸೇ. ಬಿಡುವಿನಲ್ಲಿ ಜೋಳದ ತೆನೆ ಸುಟ್ಟು ಎಲ್ಲರಿಗೂ ಮುರಿದು ಕೊಡುತ್ತಿದ್ದರು. ಮಳೆ ಬಂದರೆ ತಗಡಿನ ಸದ್ದಿಗೆ ಪಾಠ ಕೇಳಿಸುತ್ತಿರಲಿಲ್ಲ. ಆಗ ಒಬ್ಬೊಬ್ಬರನ್ನೇ ಕರೆದು, ಮಳೆಗೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ ಎಂದು ಕೇಳುತ್ತಿದ್ದರು. ನಾನು "ಮಳೆ!" ಎಂದು ಕಿರುಚಿದರೆ ಇಡೀ ಕ್ಲಾಸು "ಮಳೆ, ಮಳೆ" ಎನ್ನುತ್ತಿತ್ತು.

ನನಗೆ ಒಂಬತ್ತು ತುಂಬಿದಾಗ ಅಪ್ಪನಿಗೆ ಕೀನ್ಯಾಕ್ಕೆ ಟ್ರಾನ್ಸ್‌ಫರ್ ಆಯಿತು. ನೈರೋಬಿಯಲ್ಲಿ ಅಕ್ಕನನ್ನೂ ನನ್ನನ್ನೂ ಕಾನ್ವೆಂಟಿಗೆ ಹಾಕಿದರು. ಫಿನೈಲ್ ವಾಸನೆಯ ಕಾರಿಡಾರು, ಕತ್ತು ಕೊಯ್ಯುವ ಸ್ಟಾರ್ಚ್ ಕಾಲರು, ಬೆಳಗಿನ ಕೊರೆಯುವ ಚಳಿ. ಆಗ ಬ್ರಿಟಿಷರ ಆಳ್ವಿಕೆ; ಬಿಳಿ ಮಕ್ಕಳ ಸ್ಕೂಲು ಬೇರೆ, ಆ ನೆಲದ ಮಕ್ಕಳದು ಬೇರೆ, ಇಂಡಿಯಾದವರಾದ ನಮ್ಮದು ಬೇರೆ. ನಮ್ಮದರಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡಕೂಡದು. ಆಡಿದರೆ ರೀಲು.

ಹೊಲಿಗೆ ಕ್ಲಾಸಿನ ಖಾಲಿ ದಾರದ ರೀಲಿಗೆ ಕೆಂಪು ಬಣ್ಣ ಬಳಿದು, ಶೂ ಲೇಸಿಗೆ ಪೋಣಿಸಿದ್ದರು. ಮನೆಮಾತು ಬಾಯಿಂದ ಬಿದ್ದವಳ ಕೊರಳಿಗೆ ಅದು. ತೊಟ್ಟವಳು ಮನೆಮಾತು ಆಡಿದ ಇನ್ನೊಬ್ಬಳನ್ನು ಹಿಡಿದು ದಾಟಿಸಬೇಕು. ಮೂರೂವರೆಯ ಬೆಲ್ ಹೊಡೆದಾಗ ಯಾರ ಕೊರಳಲ್ಲಿದೆಯೋ ಅವಳ ಅಂಗೈಗೆ ಹೆಡ್‌ಮಿಸ್ಟ್ರೆಸ್ ಮದರ್ ಅವರ ಕೇನಿನಿಂದ ಆರು ಏಟು. ಮದರ್‌ಗೆ ಕಾವಲು ಕಾಯುವ ಕಷ್ಟವೂ ಇರಲಿಲ್ಲ. ನಾವೇ ಒಬ್ಬರ ಬಾಯಿಗೆ ಒಬ್ಬರು ಕಿವಿ ಹಚ್ಚಿಕೊಂಡಿರುತ್ತಿದ್ದೆವು.

ಒಂದು ದಿನ ಊಟದ ಹೊತ್ತಿಗೆ ನಲ್ಲಿಯ ನೀರು ಮುಟ್ಟಿ, "ಅಬ್ಬಾ, ಎಷ್ಟು ತಣ್ಣಗಿದೆ!" ಎಂದುಬಿಟ್ಟೆ. ಹಿಂದೆಯೇ ರೀಲು ತೊಟ್ಟಿದ್ದ ಗುಜರಾತಿ ಹುಡುಗಿ.

"ಗಾಟ್ ಯೂ, ಮಿಸ್ ರೈಲ್ವೆ! ವೇರ್ ಇಟ್ ನೈಸ್ಲಿ!"

ಆಮೇಲೆ ನಾನು ಹತ್ತಿರ ಹೋದರೆ ಸಾಕು, ಎಲ್ಲರೂ ತುಟಿ ಹೊಲಿದುಕೊಂಡವರಂತೆ ಸುಮ್ಮನಾಗುತ್ತಿದ್ದರು. ಕೊನೆಯ ಬಿಡುವು ಬಂತು. ಏಟು ಬೀಳುವ ಮೊದಲೇ ಅಂಗೈ ಉರಿಯುತ್ತಿತ್ತು. ಆಚೆ ಜಕರಾಂಡಾ ಮರದಡಿ ಅಕ್ಕ ನಿಂತಿದ್ದಳು. ಒಮ್ಮೆಯೂ ರೀಲು ತೊಟ್ಟವಳಲ್ಲ. ಮರುದಿನ ಅವಳಿಗೆ ಮಾನಿಟರ್ ಬ್ಯಾಡ್ಜ್ ಕೊಡುವುದಿತ್ತು. ನಾನು ರೀಲನ್ನು ಕಾಲರಿನೊಳಗೆ ತೂರಿಸಿ, ಜಲ್ಲಿಯ ಮೇಲೆ ಬೇಕೆಂದೇ ಬಿದ್ದು, ಮೊಣಕಾಲು ಹಿಡಿದು ಚೀರಿದೆ.

ಅಕ್ಕ ಓಡಿ ಬಂದಳು. "ಏನಾಯ್ತೇ ಪುಟ್ಟೀ? ಎಲ್ಲಿ ನೋವು? ತೋರ್ಸೇ!"

ನಾನು ರೀಲು ತೆಗೆದು ಅವಳ ಕೊರಳಿಗೆ ಹಾಕಿದೆ.

ಆರು ಏಟಿಗೂ ಅವಳು ಅಳಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಬ್ಯಾಡ್ಜ್ ಇನ್ನೊಬ್ಬಳಿಗೆ ಹೋಯಿತು. ಅಪ್ಪ ಅವಳ ಬಾತ ಅಂಗೈ ನೋಡಿ, "ಕಾನ್ವೆಂಟ್ ಅಂದ್ಮೇಲೆ ಡಿಸಿಪ್ಲಿನ್ ಇರುತ್ತಮ್ಮ" ಎಂದು ಪೇಪರ್ ಬಿಡಿಸಿದರು. ಅದೇ ಕೈಯಿಂದ ಅಕ್ಕ ನನ್ನ ಮೊಣಕಾಲಿಗೆ ಅಯೋಡಿನ್ ಹಚ್ಚಿ, "ಡಸ್ ಇಟ್ ಹರ್ಟ್?" ಎಂದಳು. ಅಲ್ಲಿಂದೀಚೆಗೆ ಅವಳ ಬಾಯಲ್ಲಿ ನಾನು ಕನ್ನಡ ಕೇಳಿಲ್ಲ. ಭಾನುವಾರ ಮೆಲ್ಬರ್ನಿನಿಂದ ಫೋನ್ ಮಾಡಿದರೂ "ಹೌ ಆರ್ ಯೂ, ಡಿಯರ್?" ನೀವು ಅದನ್ನು ಸ್ಟೈಲ್ ಎಂದುಕೊಂಡಿದ್ದೀರಿ.

ನಿಮ್ಮ ಸ್ಕೂಲುಗಳಲ್ಲಿ ಕೇನ್ ಇಲ್ಲ, ರೀಲು ಇಲ್ಲ. ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಿ ಎಂದು ಟೀಚರೇ ಕೇಳಿದರೆ ನೀವು ನಾಚಿ ನೆಲ ನೋಡುತ್ತೀರಿ. ನನಗೆ ಸಿಟ್ಟು ಬರುತ್ತದೆ. ಆದರೆ ಬೈಯಲು ನಾನು ಯಾರು?

ಅಕ್ಕನ ಮೊಮ್ಮಗನೇ, ನಿನ್ನೆ ನೀನು ಸ್ಕೇಟ್‌ಬೋರ್ಡಿನಿಂದ ಬಿದ್ದಾಗ ನಾನು "ಎಲ್ಲಿ ನೋವು ಪುಟ್ಟಾ?" ಎಂದು ಓಡಿ ಬಂದೆ. ನೀನು "ಐ ಆಮ್ ಫೈನ್" ಎನ್ನುತ್ತಲೇ ಮೊಣಕಾಲು ತೋರಿಸಿದೆ. ಮೆಲ್ಬರ್ನಿಗೆ ಹೋದ ಮೇಲೆ ಬೇಕೆಂದು ಬೀಳಬೇಡ, ಮಗು. ಎಂದಾದರೂ ನಿಜವಾಗಿ ಬಿದ್ದರೆ, ಓಡಿ ಬರುವ ನಿನ್ನ ಅಜ್ಜಿಯ ಬಾಯಿಂದ ಮೊದಲು ಯಾವ ಮಾತು ಬಂತು ಎಂದು ನನಗೊಂದು ಫೋನ್ ಮಾಡಿ ಹೇಳು.