ಬೇಗ ನಿಂತ ರಕ್ತ

ಎದೆ ಬಿಗಿದಾಗ ನಾನು ಮೊದಲು ಸಂಶಯಪಟ್ಟದ್ದು ಮಿರ್ಚಿ ಭಜಿಯ ಮೇಲೆ. ತಿಕೋಟಾದ ನಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ನಿಂತಿದ್ದೆ. ಎಡ ದವಡೆ ಜಗ್ಗಿತು. ಬೆವರು ಬಂತು. ಗ್ಯಾಸ್ ಅಂದುಕೊಂಡು ಸೋಡಾ ಕುಡಿದೆ. ತೇಗು ಬಂತು, ನೋವು ಹೋಗಲಿಲ್ಲ. ಹೆಂಡತಿ ಶೋಭಾ ನನ್ನ ಮುಖ ನೋಡಿದವಳೇ ಕಾರು ತರಿಸಿ ವಿಜಯಪುರಕ್ಕೆ ಕರೆದೊಯ್ದಳು.

ಹಾರ್ಟ್ ಅಟ್ಯಾಕ್.

ಆಂಜಿಯೋಗ್ರಾಮ್ ಆಯಿತು, ಸ್ಟೆಂಟ್ ಹಾಕಿದರು. ಆಮೇಲೆ ಡಾಕ್ಟರ ವಿಚಾರಣೆ, ಥೇಟ್ ಪೊಲೀಸರ ಹಾಗೆ. ತಂಬಾಕು ಯಾವಾಗಿನಿಂದ? ಬಿಪಿ, ಕೊಲೆಸ್ಟ್ರಾಲ್ ಎಂದಾದರೂ ನೋಡಿಸಿದ್ದೀರಾ? ತಂದೆ ಹೇಗೆ ಹೋದರು?

"ಮಲಗಿದಲ್ಲೇ ಹೋದ್ರಿ. ಪುಣ್ಯವಂತ ಅಂದ್ರು ಎಲ್ಲಾರೂ," ಎಂದೆ.

"ವಯಸ್ಸೆಷ್ಟಿತ್ರಿ?"

ನನ್ನ ಈಗಿನ ವಯಸ್ಸಿಗಿಂತ ಕಡಿಮೆ. ಅಪ್ಪನದು ಪುಣ್ಯದ ಸಾವು ಎಂದು ಇಷ್ಟು ವರ್ಷ ನಂಬಿದ್ದೆ. ಈಗ ಅದರ ಮೇಲೂ ಸಂಶಯ ಬರುವಂತಾಯಿತು.

ಮನೆಗೆ ಬರುವಾಗ ಕೈಯಲ್ಲಿ ಒಂದು ಚೀಲ ಗುಳಿಗೆ. ನನ್ನದು ಒಣದ್ರಾಕ್ಷಿ ವ್ಯಾಪಾರ. ಮಾಲು ಹೊಳೆದರೆ ಎಣ್ಣೆ ಹಚ್ಚಿದ್ದಾರೆ, ತೀರಾ ಹಳದಿ ಇದ್ದರೆ ಗಂಧಕದ ಹೊಗೆ ಜಾಸ್ತಿ ಕೊಟ್ಟಿದ್ದಾರೆ ಎಂದು ಹಿಡಿಯುವ ಕಣ್ಣು. ಅದೇ ಕಣ್ಣಿನಿಂದ ಗುಳಿಗೆಗಳನ್ನೂ ನೋಡಿದೆ. ರಕ್ತ ತೆಳುವಾಗಲು, ಕೊಬ್ಬಿಗೆ, ಬಿಪಿಗೆ. ಆರಾಮಿದ್ದವನಿಗೆ ಇಷ್ಟೆಲ್ಲ ಯಾಕೆ? ತಂಬಾಕು ಬಿಟ್ಟ ಸಿಟ್ಟೂ ಅವುಗಳ ಮೇಲೆಯೇ ಇತ್ತು.

ಅಷ್ಟರಲ್ಲಿ ಒಣ ಕೆಮ್ಮು ಶುರುವಾಯಿತು. ಕಫವಿಲ್ಲ, ಜ್ವರವಿಲ್ಲ. ಒಂದು ಮಾತು ಪೂರ್ತಿ ಆಡಲು ಬಿಡದು.

"ಗಂಧಕದ ಹೊಗಿ ರೀ ಅದು. ಶೆಡ್ಡಿಗೆ ಹೋಗಬ್ಯಾಡ್ರಿ," ಎಂದಳು ಶೋಭಾ. ಬಬಲೇಶ್ವರದಿಂದ ನೋಡಲು ಬಂದ ತಮ್ಮನೂ ಅದನ್ನೇ ಹೇಳಿದ. ಆ ಹೊಗೆಯಲ್ಲೇ ಬೆಳೆದವನು ನಾನು, ಎಂದೂ ಹೀಗೆ ಕೆಮ್ಮಿದವನಲ್ಲ. ಗುಳಿಗೆಯದೇ ಕೆಲಸ ಎಂದು ನನಗೆ ಗ್ಯಾರಂಟಿಯಾಯಿತು. ಯಾವ ಗುಳಿಗೆ? ನನ್ನ ಕಣ್ಣು ಬಿದ್ದದ್ದು ಎಲ್ಲಕ್ಕಿಂತ ದೊಡ್ಡದಾದ, ಗುಲಾಬಿ ಬಣ್ಣದ, ಮಿರಿಮಿರಿ ಮಿಂಚುವುದರ ಮೇಲೆ. ದಿನಾ ಎಲ್ಲವನ್ನೂ ಅಂಗೈಗೆ ಹಾಕಿಕೊಂಡು, ಅದೊಂದನ್ನು ಸದ್ದಿಲ್ಲದೆ ಕಿಸೆಗೆ ಇಳಿಸತೊಡಗಿದೆ.

ಕೆಮ್ಮು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಗದ್ದ ಕೊಯ್ದುಕೊಂಡೆ. ಶೋಭಾ ಹತ್ತಿ ತಂದಳು. ಅವಳು ಒತ್ತುವ ಮೊದಲೇ ರಕ್ತ ನಿಂತಿತ್ತು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಇಂಥದ್ದೇ ಗಾಯಕ್ಕೆ ಟವೆಲ್ಲೆಲ್ಲ ಕೆಂಪಾಗಿತ್ತು. ಅವಳು ಗಾಯ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಯಾವ ಗುಳಗಿ ಬಿಟ್ಟೀರಿ?"

ಸುಳ್ಳು ಹೇಳಲು ಬಾಯಿ ತೆರೆದೆ, ಕೆಮ್ಮು ಬಂತು. ಅವಳು ಸೀದಾ ನನ್ನ ಕಿಸೆಗೆ ಕೈ ಹಾಕಿ ಗುಲಾಬಿ ಗುಳಿಗೆ ಹೊರತೆಗೆದಳು.

ಅವತ್ತೇ ವಿಜಯಪುರಕ್ಕೆ ಹೋದೆವು. ಡಾಕ್ಟರು ಇಸಿಜಿ ನೋಡಿ ನಿಟ್ಟುಸಿರು ಬಿಟ್ಟರು. "ನಿಮ್ಮ ಸಂಶಯ ಖರೆ ಐತ್ರಿ. ಗುಳಗಿಯಿಂದನ ಕೆಮ್ಮು. ಆದ್ರ ಅದು ಬಿಪಿದು, ಈ ಸಣ್ಣ ಬಿಳೇದು. ಕೆಲವರಿಗೆ ಹಂಗಾಗ್ತೈತಿ, ಬ್ಯಾರೇದು ಕೊಡ್ತೀನಿ. ನೀವು ಬಿಟ್ಟದ್ದು ರಕ್ತ ತೆಳು ಮಾಡಿ ಸ್ಟೆಂಟ್ ಕಾಯೋ ಗುಳಗಿ."

"ಹಂಗ ಬಿಟ್ಟಿದ್ರ ಏನಾಗ್ತಿತ್ರಿ?" ಶೋಭಾ ಕೇಳಿದಳು.

"ಒಳಗ ರಕ್ತ ಹೆಪ್ಪುಗಟ್ಟಿ ಸ್ಟೆಂಟ್ ಮುಚ್ಚಬಹುದಿತ್ತು."

ಅಪ್ಪನ ಹಾಗೆ, ಮಲಗಿದಲ್ಲೇ.

"ಸಂಶಯ ಬಂದ್ರ ಫೋನ್ ಮಾಡ್ರಿ," ಎಂದರು ಡಾಕ್ಟರು. "ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ."

ಗುಳಿಗೆ ಬದಲಾಯಿತು, ಕೆಮ್ಮು ನಿಧಾನಕ್ಕೆ ಹೋಯಿತು. ನನ್ನ ಸಂಶಯ ಹೋಗಿಲ್ಲ. ಹೊಸ ಗುಳಿಗೆಯನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ, ಫೋನ್ ಮಾಡಿ ಡಾಕ್ಟರ ತಲೆ ತಿನ್ನುತ್ತೇನೆ, ಆಮೇಲೆ ನುಂಗುತ್ತೇನೆ. ಶೋಭಾಗೆ ನನ್ನ ಮೇಲಿನ ಸಂಶಯವೂ ಹೋಗಿಲ್ಲ. ಕಿಸೆ ತಡವದೆ ನನ್ನ ಅಂಗಿ ಒಗೆಯಲು ಹಾಕುವುದಿಲ್ಲ. ಅದಕ್ಕೇ ಬದುಕಿದ್ದೇನೆ ಎಂದು ಗೊತ್ತು, ಅವಳಿಗೆ ಇನ್ನೂ ಹೇಳಿಲ್ಲ.

ಮೊನ್ನೆ ಮತ್ತೆ ಗದ್ದ ಕೊಯ್ದುಕೊಂಡೆ. ರಕ್ತ ಬೇಗ ನಿಲ್ಲಲಿಲ್ಲ. ಶೋಭಾ ಹತ್ತಿ ಒತ್ತಿ ಹಿಡಿದಳು. ಹತ್ತಿ ಪೂರ್ತಿ ಕೆಂಪಾದ ಮೇಲೆ ಅದನ್ನು ತಿರುಗಿಸಿ ನೋಡಿ, "ಹಾಂ, ತಗೊಳ್ಳಾಕತ್ತೀರಿ," ಅಂದಳು.