ಕಡ್ಡಿಪೆಟ್ಟಿಗೆಯ ಸಾವಂತ್ರವ್ವ

ಹಳೆಬಟ್ಟೆ ಕೂಡಿಸಿ ಕೌದಿ ಹೊಲಿಯುವ ಸಾವಂತ್ರವ್ವನನ್ನು ಕಂಪೌಂಡರ್ ಅಂಬಾದಾಸ ಮೊದಲು ಕಂಡದ್ದು 1961ರ ಚಳಿಗಾಲದ ಒಂದು ಮುಂಜಾನೆ, ಸ್ಟೇಷನ್ ರಸ್ತೆಯ ದವಾಖಾನೆಯಲ್ಲಿ. ಟಿಕೋಟಾದ ಮೊದಲ ಬಸ್ಸಿಗೆ ಬಂದ ಆ ಮುದುಕಿ ಸೆರಗಿನ ಗಂಟು ಬಿಚ್ಚಿ, ಕಡ್ಡಿಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು, "ಸಾವಕಾಶ ತಗಿ ಯಪ್ಪಾ, ಹುಳ ಜಿಗದು ಹೋಗ್ತಾವ" ಎಂದಳು. ಒಳಗಿದ್ದದ್ದು ಚರ್ಮದ ಹೊಟ್ಟು, ನಾಲ್ಕು ಎಳೆ ದಾರ. "ಆಯಿ, ಇದು ನಿನ್ನ ಕೌದಿ ದಾರ ಐತಿ" ಎಂದು ಅಂಬಾದಾಸ ಹೇಳಿದರೆ, "ನಿನ್ನ ಮೈಮ್ಯಾಲ ಹರದಾಡಿದ್ರ ತಿಳೀತಿತ್ತು" ಎಂದು ತೋಳು ಕೆರೆದುಕೊಂಡಳು. ಹುಳವಿಲ್ಲ, ಮನಸ್ಸಿನ ಬೇನೆ ಚರ್ಮಕ್ಕೆ ಬಂದಿದೆ ಎಂದು ಡಾಕ್ಟರು ಹೇಳಿದರು. ಮುಂದಿನ ವಾರ ಆಕೆ ಎರಡು ಪೆಟ್ಟಿಗೆ ತಂದಳು. ಹಾಸಿಗೆಯನ್ನೆಲ್ಲ ಕುದಿಸುತ್ತಿದ್ದಳು, ದಿನಕ್ಕೆ ಮೂರು ಸಲ ಬೇವಿನೆಲೆಯ ನೀರಿನಲ್ಲಿ ಮೀಯುತ್ತಿದ್ದಳು. ಓಣಿಯ ಬೇವಿನಮರ ಬೋಳಾದದ್ದು ಆಕೆಯಿಂದಲೇ ಎಂದು ಜನ ನಗುತ್ತಿದ್ದರು. ಅಂಬಾದಾಸನೂ ನಗುತ್ತಿದ್ದ. ಒಮ್ಮೆ ಜೊತೆಗೆ ಬಂದ ಪುಟ್ಟ ಮೊಮ್ಮಗಳು ತೊಡೆ ಏರಲು ಓಡಿದಾಗ, ಆಕೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ, "ದೂರ ನಿಲ್ಲು ಕೂಸ, ನಿನಗೂ ಹತ್ತತಾವ" ಎಂದಳು. ಆ ದಿನದ ಪೆಟ್ಟಿಗೆಯನ್ನು ಅಂಬಾದಾಸ ಎಸೆಯದೆ ಕಪಾಟಿನಲ್ಲಿಟ್ಟ. ಅಜ್ಜಿಯ ಹಳೆಯ ಸೀರೆ ಸೇರದೆ ಮೊಮ್ಮಕ್ಕಳ ಕೌದಿ ಆಗುವುದಿಲ್ಲವೆಂಬುದು ಸಾವಂತ್ರವ್ವನ ಮನೆಯ ವಾಡಿಕೆ. ಆಕೆ ಈಗ ತನ್ನ ಸೀರೆಯಿಂದ ಹುಳ ಹತ್ತೀತೆಂದು ನೆರೆಯವರ ಸೀರೆ ಬೇಡಿ ತಂದು, ಕೈಗೆ ಬಟ್ಟೆ ಸುತ್ತಿಕೊಂಡು, ಮೊಮ್ಮಗಳ ಕೌದಿ ಹೊಲಿಯುತ್ತಿದ್ದಳು.