ಗೀಟು ಬಿದ್ದ ಎಲೆಯ ಎರಡು ಪುಟ

ಬಳ್ಳಾರಿಯ ವಾಸುದೇವರಾಯರು ಸಿರುಗುಪ್ಪದ ಹತ್ತಿರ ಭತ್ತದ ತಳಿ ಪರೀಕ್ಷಿಸುವ ಕೇಂದ್ರವೊಂದರಲ್ಲಿ ಇಪ್ಪತ್ತೆರಡು ವರ್ಷ ಸಂಶೋಧಕರಾಗಿದ್ದರು. ಆ ಅವಧಿಯಲ್ಲಿ ಅಚ್ಚಾದ ಅವರ ಲೇಖನಗಳು ಹತ್ತೊಂಬತ್ತು. ಹದಿನೆಂಟರ ಪ್ರತಿ ಬೇಕೆಂದು ಯಾರೂ ಕೇಳಲಿಲ್ಲ. ಉಳಿದ ಒಂದನ್ನು ಮಾತ್ರ ದೂರದ ದೇಶಗಳವರು ಕೇಳುತ್ತಲೇ ಹೋದರು. ಯಾಕೆಂಬುದು ರಾಯರಿಗೆ ಬಗೆಹರಿಯಲಿಲ್ಲ.

೧೯೬೭ರ ಮುಂಗಾರಿನಲ್ಲಿ ಅಪ್ಪಟ ಹಸಿರು ತಳಿಯ ಸಾಲುಗಳಲ್ಲಿ ನೇರಳೆ ಎಲೆಯ ಸಸಿಗಳು ಎದ್ದವು. ಬೀಜ ಬೆರೆತಿದೆ ಎಂದುಕೊಂಡ ರಾಯರು, ಬಿತ್ತನೆ ಮಾಡಿದ್ದ ಕೂಲಿಯಾಳು, ತೆಕ್ಕಲಕೋಟೆಯ ಹೊನ್ನೂರಮ್ಮನನ್ನು ಎಲ್ಲರ ಮುಂದೆ ಬೈದರು.

"ಬೀಜ ಕಲಸಿಬಿಟ್ಟೀ ನೀನು. ಮೂರು ವರ್ಷದ ಕೆಲಸ ಹಾಳಾತು!"

"ನಾ ಕಲಸಿಲ್ರೀ ಸಾಹೇಬ್ರ. ಹೋದ ಬೆಳಿಯಾಗ ಕೆಲವು ಹಸಿರು ಎಲಿ ಮ್ಯಾಲೆ ಸಣ್ಣ ನೇರಳೆ ಗೀಟು ಇದ್ದವಲ್ರೀ, ಆ ಗಿಡದ ಬೀಜದಾಗಷ್ಟ ಹಿಂಗ ಬಂದೈತಿ."

"ಗೀಟು? ಯಾವ ಗೀಟು?"

ಹೊನ್ನೂರಮ್ಮ ಗದ್ದೆಗಿಳಿದು, ಆ ವರ್ಷದ ಸಸಿಗಳಲ್ಲೂ ಇದ್ದ ಗೀಟಿನ ಎಲೆಗಳನ್ನು ಒಂದೊಂದಾಗಿ ಎತ್ತಿ ತೋರಿಸಿದಳು. ದಿನವೂ ಅದೇ ಗದ್ದೆಯಲ್ಲಿ ಓಡಾಡುವ ರಾಯರ ಕಣ್ಣಿಗೆ ಅವು ಬಿದ್ದಿರಲಿಲ್ಲ. ಆ ಸಲ ಗೀಟಿನ ಗಿಡಗಳ ತೆನೆಗಳಿಗೆ ಬೇರೆ ಪರಾಗ ಸೇರದಂತೆ ಅವರೇ ಕಾಗದದ ಚೀಲ ಕಟ್ಟಿದರು, ಬೀಜವನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು, ಮರುವರ್ಷ ತಾವೇ ಬಿತ್ತಿದರು. ಮತ್ತೆ ನೇರಳೆ ಬಂತು. ಹಸಿರೆಷ್ಟು ನೇರಳೆಯೆಷ್ಟು ಎಂಬ ಲೆಕ್ಕ, ಅವರು ಓದಿದ್ದ ಆನುವಂಶಿಕತೆಯ ಯಾವ ನಿಯಮಕ್ಕೂ ಹೊಂದಲಿಲ್ಲ. ಇನ್ನೂ ಎರಡು ಬೆಳೆ ನೋಡಿ, ಎರಡು ಪುಟದ ಟಿಪ್ಪಣಿ ಬರೆದರು. ಕೊನೆಯ ಸಾಲು: 'ಇದಕ್ಕೆ ಕಾರಣ ತಿಳಿದಿಲ್ಲ.' ಹೊನ್ನೂರಮ್ಮನ ಹೆಸರು ಅದರಲ್ಲಿ ಇರಲಿಲ್ಲ. ಹಾಕಬೇಕೆಂದು ಅವರಿಗೆ ತೋಚಲೂ ಇಲ್ಲ.

ಅಚ್ಚಾದ ಕೆಲವೇ ತಿಂಗಳಲ್ಲಿ ಜಪಾನಿನಿಂದ ಕಾರ್ಡು ಬಂತು: ದಯವಿಟ್ಟು ಒಂದು ಪ್ರತಿ ಕಳಿಸಿ. ಆಮೇಲೆ ಫಿಲಿಪೈನ್ಸ್, ಹಾಲೆಂಡ್, ಅಮೆರಿಕ.

"ಅಂಥಾದ್ದು ಏನ್ ಬರದೀರಿ?" ಎಂದು ಹೆಂಡತಿ ಪದ್ಮಾಬಾಯಿ ಕೇಳಿದರು.

"ನನಗ ಗೊತ್ತಿಲ್ಲ ಅಂತ ಬರದೀನಿ."

"ಗೊತ್ತಿಲ್ಲ ಅನ್ನೋದನ್ನ ಓದಾಕ ಇಷ್ಟು ಜನಾನ?"

ರಾಯರಿಗೂ ಅದೇ ಪ್ರಶ್ನೆ. ೧೯೭೪ರಲ್ಲಿ ಬಡ್ತಿಯ ಸಂದರ್ಶನಕ್ಕೆ ಹೋದಾಗ ಹಿರಿಯರೊಬ್ಬರು ಲೇಖನಗಳ ಪಟ್ಟಿಯಲ್ಲಿದ್ದ ಆ ಟಿಪ್ಪಣಿ ತೋರಿಸಿ, "ಇದರಾಗ ತೀರ್ಮಾನನ ಇಲ್ಲಲ್ರೀ, ಪಟ್ಟಿಯಿಂದ ತಗೀರಿ" ಎಂದರು. ರಾಯರು ತಮ್ಮ ಪೆನ್ನಿನಿಂದಲೇ ಅದನ್ನು ಹೊಡೆದುಹಾಕಿದರು. ಬಡ್ತಿ ಸಿಕ್ಕಿತು. ಕಾರ್ಡುಗಳು ಬರುವುದು ಮಾತ್ರ ನಿಲ್ಲಲಿಲ್ಲ.

೧೯೮೧ರಲ್ಲಿ ಹಾಲೆಂಡಿನ ಪ್ರೊಫೆಸರೊಬ್ಬರು ತಮ್ಮದೊಂದು ದೊಡ್ಡ ಲೇಖನ ಕಳಿಸಿದರು. ಗಿಡದ ಗುಣಗಳನ್ನು ಪೀಳಿಗೆಗೆ ಸಾಗಿಸುವ ಜೀನು ಇದ್ದ ಜಾಗ ಬಿಟ್ಟು ಇನ್ನೊಂದು ಕಡೆ ಹೋಗಿ ಕೂರಬಲ್ಲದು, ಆಗ ಬಣ್ಣ ಬದಲಾಗುತ್ತದೆ, ಭತ್ತದಲ್ಲಿ ಅದರ ಸುಳಿವು ಮೊದಲು ಕೊಟ್ಟವರು ವಾಸುದೇವರಾವ್ ಎಂದು ಅದರಲ್ಲಿತ್ತು. ಇವರು ಬೇರೆ ಯಾರೋ ವಾಸುದೇವರಾವ್ ಇರಬೇಕು ಎಂದುಕೊಂಡು ರಾಯರು ಇಸವಿ, ಪುಟ ತಾಳೆ ನೋಡಿದರು. ತಮ್ಮದೇ. ಆದರೆ ಆ ಮಾತನ್ನು ತಾವು ಎಲ್ಲೂ ಹೇಳಿರಲಿಲ್ಲ. ಹೊಗಳಿಕೆ ಸಲ್ಲಬೇಕಾದ್ದು ಯಾರಿಗೆ? ಮೂರನೆಯ ದಿನ, ಗೀಟನ್ನು ಮೊದಲು ಕಂಡವಳು ಹೊನ್ನೂರಮ್ಮ ಎಂದು ಪ್ರೊಫೆಸರರಿಗೆ ಬರೆದರು. ಅವಳು ಆಗ ಕುರುಗೋಡಿನ ಮಗಳ ಮನೆಯಲ್ಲಿದ್ದಳು. ವಿಳಾಸವನ್ನೂ ಕೊಟ್ಟರು.

ಎರಡು ತಿಂಗಳಾದ ಮೇಲೆ, ಕಾಗದವೊಂದು ಬಂದಿದೆ, ಓದಿ ಹೇಳಬೇಕು ಎಂದು ಅವಳು ಹೇಳಿಕಳಿಸಿದಳು. ರಾಯರು ಬಸ್ಸು ಹತ್ತಿ ಕುರುಗೋಡಿಗೆ ಹೋದರು. ಹೊನ್ನೂರಮ್ಮ ಹಾಲೆಂಡಿನ ಲಕೋಟೆ ಮುಂದಿಟ್ಟಳು. ಮೇಲೆ 'ಡಾಕ್ಟರ್ ಹೊನ್ನೂರಮ್ಮ' ಎಂದಿತ್ತು.

"ಏನಂತ ಬರದಾರ್ರೀ?"

"ನಿನ್ನ ಉಳಿದ ಲೇಖನ ಎಲ್ಲಾ ಕಳಿಸಬೇಕಂತ."

"ಯವ್ವಾ! ಯಾರಂತ ತಿಳ್ಕೊಂಡಾರೋ ಏನೋ ನನ್ನ."

"ನಾನೂ ಹಂಗ ಅಂದ್ಕೊಂಡಿದ್ದೆ ನನ್ನ ಕಾಗದ ಬಂದಾಗ," ಎಂದರು ರಾಯರು. ಆಮೇಲೆ ತಲೆ ತಗ್ಗಿಸಿ, "ಅವತ್ತು ನಿನ್ನ ಬೈದೆ. ತಪ್ಪಾತು" ಎಂದರು.

"ಆ ಗೀಟು ಯಾಕ ಬೀಳ್ತಿತ್ತು ಅಂತ ತಿಳೀತೇನ್ರಿ?" ಎಂದಳು.

"ಅವರಿಗೆ ತಿಳದೈತಂತ. ನನಗಿನ್ನೂ ಪೂರ್ತಿ ತಿಳೀವಲ್ದು."

"ಹಂಗಾರ ಬರಕೋರಿ. ಕೆಳಗಿನ ಎಲಿ ಮ್ಯಾಲೆ ಗೀಟು ಬಿದ್ರ ನೇರಳೆ ಕಮ್ಮಿ ಬರ್ತಿತ್ತು, ಮ್ಯಾಲಿನ ಎಲಿ ಮ್ಯಾಲೆ ಬಿದ್ರ ಜಾಸ್ತಿ. ಅದನ್ನ ನೀವು ಕೇಳಲೇ ಇಲ್ಲ."

ರಾಯರು ಜೇಬಿನಿಂದ ಪೆನ್ನು ತೆಗೆದರು. ಕಾಗದ ಇರಲಿಲ್ಲ. ಲಕೋಟೆಯನ್ನು ಬಿಚ್ಚಿ, ಅದರ ಒಳಬದಿಯಲ್ಲಿ ಅವಳು ಹೇಳಿದಂತೆ ಬರೆಯತೊಡಗಿದರು.